ಮೂರೂವರೆ ಮಿಲಿಮೀಟರ್: ಕಬಡ್ಡಿ ಅಂಕಣದಲ್ಲಿ ಪೆಟ್ಟು ತಿಂದ ಒಂದು ಬೆರಳಿನ ಪ್ರಕರಣ

“ಮುಖ ತೊಳೆಯುವಾಗ ಬೆರಳು ಕಣ್ಣಿಗೆ ಚುಚ್ಚುತ್ತದೆ.”

ನೋವಿನ ಮಾತಿಗೂ ಮೊದಲು ಅವಳು ಹೇಳಿದ್ದು ಇದನ್ನು. ವಯಸ್ಸು ಹತ್ತೊಂಬತ್ತು, ಪದವಿಯ ಎರಡನೆಯ ವರ್ಷ, ಕಾಲೇಜಿನ ಕಬಡ್ಡಿ ತಂಡದಲ್ಲಿ ಎಡಮೂಲೆಯ ಆಟಗಾರ್ತಿ. ಪೆಟ್ಟು ಬಿದ್ದ 26ನೆಯ ದಿನ ತಂದೆಯ ಜೊತೆ ನನ್ನ ಬಳಿ ಬಂದಳು. ನಾನು ಕೈಯ ಫಿಸಿಯೋಥೆರಪಿ ಮಾಡುವವಳು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಕಾಲೇಜು ಬೇಡ ಎಂದಳು, ಬಿಟ್ಟಿದ್ದೇನೆ.

ಕೈ ಮುಗಿದು ತೋರಿಸು ಎಂದೆ. ಎರಡೂ ಅಂಗೈ ಕೂಡಿದವು, ಬೆರಳುಗಳು ಒಂದಕ್ಕೊಂದು ಅಂಟಿದವು, ಎಡಗೈಯ ಮಧ್ಯದ ಬೆರಳೊಂದು ಮಾತ್ರ ಜೊತೆಗಾರನಿಂದ ದೂರ ಸರಿದು, ಗಿಣ್ಣು ಹೊರಗೆ ಉಬ್ಬಿಸಿಕೊಂಡು ನಿಂತಿತು. ನಡುಗಿಣ್ಣು ಒಳಕ್ಕೆ ಬಾಗಿತ್ತು. ಉಗುರಿನ ಬಳಿಯ ಕೀಲು ಅದಕ್ಕೆ ವಿರುದ್ಧವಾಗಿ ಹಿಂದಕ್ಕೆ ಡೊಂಕಾಗಿತ್ತು. ಇಷ್ಟು ನೋಡಿದರೆ ಸಾಕು, ಒಳಗೆ ಏನಾಗಿದೆ ಎಂದು ಮುಕ್ಕಾಲು ಪಾಲು ಗೊತ್ತಾಗುತ್ತದೆ. ನನಗೆ ಬೇಸರ ತಂದದ್ದು ಆ 26 ದಿನಗಳು.

ಪೆಟ್ಟು ಬಿದ್ದದ್ದು ಹೀಗೆ. ದಾಳಿಗೆ ಬಂದವಳ ಕಾಲಿನ ಹರಡು ಹಿಡಿಯಲು ಇವಳು ಮುಂದಕ್ಕೆ ಹಾರಿ ಬೆರಳು ಚಾಚಿದ್ದಳು. ಹಿಡಿತ ಸಿಗುವ ಮೊದಲೇ ಎದುರಾಳಿಯ ಮಂಡಿ ಬೆರಳಿನ ಬೆನ್ನ ಮೇಲೆ ಬಿತ್ತು. ನೆಟ್ಟಗೆ ಬಿಗಿಯಾಗಿದ್ದ ಬೆರಳು ಒಮ್ಮೆಲೇ ಮಡಚಿಕೊಂಡಿತು. ಅಂದು ರಾತ್ರಿ ಊತ. ಎರಡನೆಯ ದಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಮೂಳೆ ಸರಿಯಾಗಿತ್ತು. ಬೆರಳು ಮಡಚಲೂ ಬರುತ್ತಿತ್ತು, ನೀಡಲೂ ಬರುತ್ತಿತ್ತು. “ಉಳುಕು” ಎಂದು ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿ ಕಳುಹಿಸಿದರು. ವಾರದ ಮೇಲೆ ಟೇಪ್ ಬಿಚ್ಚಿ, ಬೆರಳು ಬಿಗಿಯಾಗಬಾರದೆಂದು ಸ್ಪಂಜಿನ ಚೆಂಡು ಹಿಸುಕಲು ಹೇಳಿದರು. ಊರಿನಲ್ಲಿ ಉಳುಕು ತೆಗೆಯುವವರೊಬ್ಬರು ಎರಡು ದಿನ ಎಣ್ಣೆ ಹಚ್ಚಿ ನೀವಿ, ಎಳೆದರು. ಬೆರಳು ದಿನದಿಂದ ದಿನಕ್ಕೆ ಬಾಗುತ್ತ ಬಂತು. ಅದು ನೆಟ್ಟಗಾಗಲೆಂದು ಅವಳು ಚೆಂಡನ್ನು ಇನ್ನಷ್ಟು ಹಿಸುಕಿದಳು.

ಇಲ್ಲಿ ಯಾರೂ ಸೋಮಾರಿತನ ಮಾಡಲಿಲ್ಲ, ಎಲ್ಲರೂ ಕಾಳಜಿಯಿಂದಲೇ ನಡೆದುಕೊಂಡರು. ಆದರೂ ಬೆರಳು ಕೆಟ್ಟಿತು. ಏಕೆ ಎಂದು ತಿಳಿಯಬೇಕಾದರೆ ಚರ್ಮದ ಕೆಳಗೆ ಇಳಿಯಬೇಕು.

ಮೊದಲಿಗೆ ಒಂದು ಸಂಗತಿ. ಬೆರಳಿನೊಳಗೆ ಅದನ್ನು ಆಡಿಸುವ ಮಾಂಸಖಂಡವೇ ಇಲ್ಲ. ಬಲಗೈಯಿಂದ ಎಡ ಮೊಣಕೈಯ ಕೆಳಗಿನ ಭಾಗವನ್ನು ಹಿಡಿದುಕೊಂಡು ಎಡಗೈ ಬೆರಳುಗಳನ್ನು ಆಡಿಸಿ ನೋಡಿ, ಒಳಗೆ ಮಾಂಸ ಹೊರಳಾಡುವುದು ಕೈಗೆ ತಾಕುತ್ತದೆ. ಬೆರಳನ್ನು ನಡೆಸುವ ಸ್ನಾಯುಗಳು ಇರುವುದು ಅಲ್ಲಿ, ಮತ್ತು ಅಂಗೈಯಲ್ಲಿ. ಬೆರಳಿಗೆ ಬರುವುದು ಅವುಗಳ ಹುರಿಗಳು ಮಾತ್ರ. ಸೂತ್ರದ ಬೊಂಬೆಯ ಹಾಗೆ ದೂರದಿಂದ ಎಳೆತ ಬರುತ್ತದೆ, ಕೀಲು ಬಾಗುತ್ತದೆ ಅಥವಾ ನೆಟ್ಟಗಾಗುತ್ತದೆ.

ಹೆಬ್ಬೆರಳನ್ನು ಬಿಟ್ಟು ಉಳಿದ ಪ್ರತಿ ಬೆರಳಿಗೂ ಮೂರು ಮೂಳೆ, ಮೂರು ಕೀಲು. ಮುಷ್ಟಿ ಕಟ್ಟಿದಾಗ ಎದ್ದು ಕಾಣುವ ದೊಡ್ಡ ಗಿಣ್ಣು ಬುಡದ ಕೀಲು. ನಂತರ ನಡುಗೀಲು. ಉಗುರಿನ ಹತ್ತಿರದ್ದು ತುದಿಗೀಲು. ಈ ಪ್ರಕರಣವೆಲ್ಲ ನಡುಗೀಲಿನದು. ಅಲ್ಲಿ ಮೊದಲ ಮೂಳೆಯ ತುದಿ, ಎರಡು ಕಡಲೆಕಾಳು ಒತ್ತಾಗಿ ಜೋಡಿಸಿಟ್ಟಂತೆ ಎರಡು ಗುಬುಟಾಗಿ, ನಡುವೆ ಒಂದು ತೋಡು ಬಿಟ್ಟುಕೊಂಡಿದೆ. ಎದುರಿನ ಮೂಳೆಯ ಬುಡದಲ್ಲಿ ಆ ತೋಡಿಗೆ ಸರಿಹೊಂದುವ ಏಣು ಇದೆ. ಹಾಗಾಗಿ ಅದು ಬಾಗಿಲ ತಿರುಗಣಿಯಂತೆ ಮುಂದೆ ಹಿಂದೆ ಮಾತ್ರ ಆಡುತ್ತದೆ, ಪಕ್ಕಕ್ಕೆ ವಾಲುವುದಿಲ್ಲ. ಸುಮಾರು 100ರಿಂದ 110 ಡಿಗ್ರಿಯವರೆಗೆ ಮಡಚುತ್ತದೆ. ಎಡಬಲಗಳಲ್ಲಿ ಗಟ್ಟಿ ಕಟ್ಟುನಾರುಗಳು, ಅಂಗೈ ಬದಿಯಲ್ಲಿ ದಪ್ಪ ನಾರಿನ ತಟ್ಟೆ. ಮೂರು ಗೋಡೆ ಭದ್ರ. ಬೆನ್ನಿನ ಬದಿಯ ಛಾವಣಿ ಮಾತ್ರ ತೆಳ್ಳಗೆ, ಚರ್ಮದ ಅಡಿಯಲ್ಲೇ ಹಾಸಿರುವ ಒಂದು ಹುರಿಜಾಲ.

ಆ ಜಾಲ ನನಗೆ ಇಂದಿಗೂ ಬೆರಗಿನ ವಸ್ತು. ಮುಂಗೈಯಿಂದ ಬಂದ ನೀಡುವ ಹುರಿ ಮೊದಲ ಮೂಳೆಯ ಬೆನ್ನ ಮೇಲೆ ಮೂರಾಗಿ ಕವಲೊಡೆಯುತ್ತದೆ. ನಡು ಪಟ್ಟಿ ನೇರ ಹೋಗಿ ಎರಡನೆಯ ಮೂಳೆಯ ಬುಡಕ್ಕೆ ಅಂಟುತ್ತದೆ, ನಡುಗೀಲನ್ನು ನೆಟ್ಟಗೆ ಎತ್ತುವುದು ಮುಖ್ಯವಾಗಿ ಅದು. ಎರಡು ಪಕ್ಕದ ಪಟ್ಟಿಗಳು ನಡುಗೀಲಿನ ಅಕ್ಕಪಕ್ಕದಲ್ಲಿ ಹಾದು, ಅಂಗೈಯ ಸಣ್ಣ ಸ್ನಾಯುಗಳಿಂದ ಬಂದ ಎಳೆಗಳನ್ನು ಸೇರಿಸಿಕೊಂಡು, ಮುಂದೆ ಒಂದಾಗಿ ತುದಿಯ ಮೂಳೆಗೆ ಕಟ್ಟಿಕೊಳ್ಳುತ್ತವೆ. ತುದಿಗೀಲನ್ನು ನೀಡುವುದು ಇವುಗಳ ಕೆಲಸ. ಈ ಎರಡು ಪಟ್ಟಿಗಳು ಬೆನ್ನ ಮೇಲಿಂದ ಜಾರದಂತೆ ತಡೆಯುವುದು ಅವುಗಳ ನಡುವೆ ಹರಡಿರುವ ಒಂದು ತ್ರಿಕೋನಾಕಾರದ ತೆಳು ಪೊರೆ. 1732ರಲ್ಲಿ ಪ್ಯಾರಿಸ್‌ನಲ್ಲಿ ದೇಹರಚನೆಯ ದೊಡ್ಡ ಗ್ರಂಥ ಹೊರತಂದ ವಿನ್ಸ್‌ಲೋ ಅವರ ಹೆಸರು ಈ ಜಾಲಕ್ಕೆ ಅಂಟಿಕೊಂಡಿದೆ. ಇದರ ವಜ್ರಾಕೃತಿಯನ್ನು ಇಂದಿಗೂ ವಿನ್ಸ್‌ಲೋ ಚತುರ್ಭುಜ ಎಂದೇ ಕರೆಯುತ್ತಾರೆ.

ಒಂದೇ ಎಳೆತ, ಎರಡು ಕೀಲು. ಬೆರಳು ಮಡಚಿದಾಗ ಪಕ್ಕದ ಪಟ್ಟಿಗಳು ತುಸು ಕೆಳಕ್ಕೆ ಇಳಿಯುತ್ತವೆ, ನೀಡಿದಾಗ ಮತ್ತೆ ಬೆನ್ನಿಗೆ ಏರುತ್ತವೆ. ಎಲ್ಲ ಅಳತೆಯೂ ಮಿಲಿಮೀಟರ್‌ನಲ್ಲಿ.

ಈಗ ಅವಳ ಬೆರಳಿಗೆ ಬರೋಣ. ಮಂಡಿ ಬಿದ್ದಾಗ ಹರಿದದ್ದು ನಡು ಪಟ್ಟಿ. ಹಾಗಾದರೆ ಎರಡನೆಯ ದಿನ ಆಸ್ಪತ್ರೆಯಲ್ಲಿ ಅವಳು ಬೆರಳು ನೀಡಿದ್ದು ಹೇಗೆ? ಪಕ್ಕದ ಪಟ್ಟಿಗಳಿಂದ. ಅವು ಇನ್ನೂ ಬೆನ್ನ ಮೇಲೇ ಇದ್ದವು, ನಡುಗೀಲಿನ ತಿರುಗಣಿ ಅಕ್ಷಕ್ಕಿಂತ ಮೇಲೆ. ಹರಿದವನ ಕೆಲಸವನ್ನೂ ಅವೇ ಮಾಡಿದವು. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ, ಹುರಿ ಹರಿದದ್ದು ಕಾಣುವುದಿಲ್ಲ. ಮೂಳೆಯ ಚೂರೊಂದು ಕಿತ್ತುಬಂದಿದ್ದರೆ ಸುಳಿವು ಸಿಗುತ್ತಿತ್ತು, ಇವಳಿಗೆ ಬರಲಿಲ್ಲ. “ನೀಡಲು ಬರುತ್ತದೆ, ಮೂಳೆ ಸರಿಯಿದೆ” ಎಂಬ ಎರಡು ಮಾತುಗಳೂ ನಿಜವೇ ಆಗಿದ್ದವು. ಅವೆರಡೂ ಸೇರಿ ಎಲ್ಲರ ದಾರಿ ತಪ್ಪಿಸಿದವು.

ಮುಂದಿನದು ಮೆಲ್ಲಗೆ ನಡೆಯಿತು. ಬೆರಳು ಮಡಚಿದಾಗಲೆಲ್ಲ ಮೊದಲ ಮೂಳೆಯ ಗುಬುಟು ಹರಿದ ಜಾಗದಿಂದ ಮೇಲಕ್ಕೆ ಒತ್ತಿತು. ತ್ರಿಕೋನದ ಪೊರೆ ಹಿಗ್ಗಿತು. ಪಕ್ಕದ ಪಟ್ಟಿಗಳು ಒಂದೊಂದಾಗಿ ಇಳಿಜಾರಿನಲ್ಲಿ ಸರಿದವು. ಅಂಗಿಯ ಕಾಜಾದೊಳಗಿಂದ ಗುಂಡಿ ಹೊರಬರುವ ಹಾಗೆ ಎರಡು ಪಟ್ಟಿಗಳ ನಡುವಿನಿಂದ ಕೀಲು ಹೊರಬಂದಿತು. ಫ್ರೆಂಚ್ ಭಾಷೆಯಲ್ಲಿ ಈ ವಿಕೃತಿಗೆ ಬೂಟೊನಿಯೇರ್, ಅಂದರೆ ಗುಂಡಿಯ ಕಾಜಾ, ಎಂದೇ ಹೆಸರು. ಪಟ್ಟಿಗಳು ಅಕ್ಷಕ್ಕಿಂತ ಕೆಳಗೆ ಇಳಿದ ಕ್ಷಣದಿಂದ ಲೆಕ್ಕವೇ ತಲೆಕೆಳಗಾಗುತ್ತದೆ. ಅಕ್ಷದ ಮೇಲೆ ಹಾದುಹೋಗುವ ಹುರಿ ಕೀಲನ್ನು ನೀಡುತ್ತದೆ, ಕೆಳಗೆ ಹಾದುಹೋಗುವ ಹುರಿ ಮಡಚುತ್ತದೆ. ನೀಡಲು ಹುಟ್ಟಿದ ಪಟ್ಟಿಗಳು ಈಗ ನಡುಗೀಲನ್ನು ಮಡಚತೊಡಗಿದವು. ನಡು ಪಟ್ಟಿಗೆ ಹೋಗಬೇಕಿದ್ದ ಎಳೆತವೂ ಇವುಗಳಿಗೇ ಬಂದು, ತುದಿಗೀಲು ಹಿಂದಕ್ಕೆ ಡೊಂಕಾಯಿತು. ಅವಳು ನೆಟ್ಟಗೆ ಮಾಡಲು ಹೆಚ್ಚು ಪ್ರಯತ್ನಪಟ್ಟಷ್ಟೂ ಬೆರಳು ಹೆಚ್ಚು ಬಾಗುತ್ತಿತ್ತು. ಇದಕ್ಕೆಲ್ಲ ಒಂದರಿಂದ ಮೂರು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಟೇಪ್ ಬಿಚ್ಚಿ, ಚೆಂಡು ಕೈಗೆ ಬಂದಿರುತ್ತದೆ.

ಚೆಂಡಿನ ವಿಷಯದಲ್ಲಿ ನನಗೆ ಖಂಡಿತವಾದ ಅಭಿಪ್ರಾಯವಿದೆ. ಬೆರಳಿಗೆ ಯಾವ ಪೆಟ್ಟು ಬಿದ್ದರೂ ಹಿಸುಕಲು ಚೆಂಡು ಕೊಡುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಹಿಸುಕುವುದೆಂದರೆ ನಡುಗೀಲನ್ನು ಬಲವಾಗಿ ಮಡಚುವುದು. ಹರಿದ ನಡು ಪಟ್ಟಿಯ ಎರಡು ತುದಿಗಳನ್ನು ದಿನಕ್ಕೆ ನೂರು ಸಲ ದೂರ ಎಳೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಬೇಕಿಲ್ಲ. ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತುವುದೂ ಅಷ್ಟೇ: ಎಡಬಲದ ಕಟ್ಟುನಾರು ಉಳುಕಿದ್ದರೆ ಒಳ್ಳೆಯ ಉಪಾಯ, ನಡು ಪಟ್ಟಿ ಹರಿದಿದ್ದರೆ ಅದು ಮಡಚುವುದನ್ನು ತಡೆಯುವುದೇ ಇಲ್ಲ.

ಪರೀಕ್ಷೆಯಲ್ಲಿ ಸಿಕ್ಕ ಅಳತೆಗಳು: ತಾನಾಗಿ ನೀಡಿದಾಗ ನಡುಗೀಲು ನೆಟ್ಟಗಾಗಲು 40 ಡಿಗ್ರಿ ಕಡಿಮೆ. ನಾನು ಮೆಲ್ಲಗೆ ಎತ್ತಿದರೆ 20 ಡಿಗ್ರಿ ಕಡಿಮೆ, ಅಂದರೆ ಅಂಗೈ ಬದಿಯ ತಟ್ಟೆ ಆಗಲೇ ಕುಗ್ಗತೊಡಗಿತ್ತು. ತುದಿಗೀಲು 10 ಡಿಗ್ರಿ ಹಿಂದಕ್ಕೆ. ನಡುಗೀಲನ್ನು ಆದಷ್ಟು ನೆಟ್ಟಗೆ ಹಿಡಿದು ತುದಿಯನ್ನು ಮಡಚಿದರೆ 25 ಡಿಗ್ರಿಗೇ ನಿಂತಿತು, ಬಲಗೈಯ ಅದೇ ಬೆರಳು 70 ಮಡಚುತ್ತಿತ್ತು.

ನಂತರ ಎಲ್ಸನ್ ಪರೀಕ್ಷೆ. ಬ್ರಿಟನ್ನಿನ ಮೂಳೆ ಶಸ್ತ್ರವೈದ್ಯ ಎಲ್ಸನ್ ಇದನ್ನು 1986ರಲ್ಲಿ ಪ್ರಕಟಿಸಿದರು. ಬೇಕಾದ ಸಲಕರಣೆ ಒಂದು ಮೇಜು ಮಾತ್ರ. ಓದುವವರು ತಮ್ಮ ಒಳ್ಳೆಯ ಬೆರಳಿನಲ್ಲೇ ಮಾಡಿ ನೋಡಬಹುದು. ಅಂಗೈಯನ್ನು ಮೇಜಿನ ಮೇಲೆ ಕವುಚಿ, ನಡುಗೀಲು ಸರಿಯಾಗಿ ಅಂಚಿನ ಮೇಲೆ 90 ಡಿಗ್ರಿ ಮಡಚಿ ಕೆಳಗೆ ಇಳಿಯುವಂತೆ ಇಡಿ. ಇನ್ನೊಂದು ಕೈಯಿಂದ ಬೆರಳಿನ ಎರಡನೆಯ ಮೂಳೆಯನ್ನು ಮೇಲೇಳದಂತೆ ಒತ್ತಿಹಿಡಿದು, ಬೆರಳನ್ನು ನೀಡಲು ಪ್ರಯತ್ನಿಸಿ. ಈಗ ಉಗುರಿನ ಭಾಗವನ್ನು ಅಲ್ಲಾಡಿಸಿ ನೋಡಿ. ಅದು ಬಾಡಿದ ಹೂವಿನ ತೊಟ್ಟಿನಂತೆ ಸಡಿಲವಾಗಿರುತ್ತದೆ. ಎಷ್ಟು ಬಲ ಹಾಕಿದರೂ ತುದಿಗೀಲು ಸೆಟೆಯುವುದಿಲ್ಲ. ಏಕೆಂದರೆ ಬಾಗಿದ ಕೀಲಿನ ಮೇಲೆ ನಡು ಪಟ್ಟಿ ಇಡೀ ಜಾಲವನ್ನು ಮುಂದಕ್ಕೆ ಎಳೆದು ಹಿಡಿದಿರುತ್ತದೆ, ಪಕ್ಕದ ಪಟ್ಟಿಗಳಲ್ಲಿ ಬಿಗಿ ಉಳಿದಿರುವುದಿಲ್ಲ. ನಡು ಪಟ್ಟಿ ಹರಿದಿದ್ದರೆ ಹಿಡಿಯುವವರಿಲ್ಲದೆ ಜಾಲ ಹಿಂದಕ್ಕೆ ಸರಿದಿರುತ್ತದೆ. ಎಳೆತವೆಲ್ಲ ಪಕ್ಕದ ಪಟ್ಟಿಗಳಿಗೆ ಹೋಗಿ ತುದಿ ಕಡ್ಡಿಯಂತೆ ನಿಲ್ಲುತ್ತದೆ.

ಅವಳ ಬೆರಳಿನ ತುದಿ ಕಡ್ಡಿಯಂತೆ ನಿಂತಿತು. ಬಲಗೈಯ ಬೆರಳಿನಲ್ಲೂ ಮಾಡಿಸಿ ತೋರಿಸಿದೆ. ಅವಳೇ ಎರಡು ಮೂರು ಸಲ ಮಾಡಿ ನೋಡಿ, “ಇದು ಮೊದಲ ವಾರವೇ ಗೊತ್ತಾಗುತ್ತಿತ್ತೇ?” ಎಂದಳು. ಗೊತ್ತಾಗುತ್ತಿತ್ತು. ವಿಕೃತಿ ಕಣ್ಣಿಗೆ ಬೀಳುವ ಮೊದಲೇ ಹೇಳಬಲ್ಲದು ಎಂಬುದೇ ಈ ಪರೀಕ್ಷೆಯ ಬೆಲೆ.

ಕೈ ಶಸ್ತ್ರವೈದ್ಯರೊಬ್ಬರಿಗೆ ತೋರಿಸಿದೆವು. ಗಾಯ ತೆರೆದಿಲ್ಲ, ಮೂಳೆಯ ಚೂರು ಇಲ್ಲ, ಇನ್ನೂ ನಾಲ್ಕು ವಾರ ತುಂಬಿಲ್ಲ. ಹೀಗಿರುವಾಗ ಶಸ್ತ್ರಚಿಕಿತ್ಸೆಗೆ ಮೊದಲು ಬೆರಳನ್ನು ನೆಟ್ಟಗೆ ಹಿಡಿಯುವ ಹೊರಪಟ್ಟಿ ಕಟ್ಟಿಯೇ ನೋಡೋಣ ಎಂದರು. ನನ್ನ ಅಭಿಪ್ರಾಯವೂ ಅದೇ ಆಗಿತ್ತು.

ಅಂದು ಅವಳ ತಂದೆ ಕೇಳಿದ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬರೆದುಕೊಟ್ಟೆ. “ಎಷ್ಟು ಹರಿದಿದೆ?” ಎಂದಿದ್ದರು. ಲೆಕ್ಕ ಹೀಗೆ. ಹುರಿ ಕೀಲಿನ ಅಕ್ಷದಿಂದ ಎಷ್ಟು ದೂರದಲ್ಲಿ ಹಾದುಹೋಗುತ್ತದೋ ಅದು ಸನ್ನೆಯ ತೋಳು. ಕೀಲು ಒಂದು ರೇಡಿಯನ್, ಅಂದರೆ ಸುಮಾರು 57 ಡಿಗ್ರಿ, ತಿರುಗಬೇಕಾದರೆ ಹುರಿ ಆ ತೋಳಿನಷ್ಟೇ ಉದ್ದ ಸರಿಯಬೇಕು. ನಡುಗೀಲಿನ ಬೆನ್ನಿನಲ್ಲಿ ಅದನ್ನು ಸುಮಾರು 5 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಅಂದರೆ ಹುರಿ 1 ಮಿಲಿಮೀಟರ್ ಸಡಿಲವಾದರೆ ಕೀಲು ಹನ್ನೊಂದು ಹನ್ನೆರಡು ಡಿಗ್ರಿ ನೆಟ್ಟಗಾಗುವುದಿಲ್ಲ. 40 ಡಿಗ್ರಿಗೆ ಮೂರೂವರೆ ಮಿಲಿಮೀಟರ್. ಪಟ್ಟಿಗಳು ಜಾರಿದ್ದು, ತಟ್ಟೆ ಕುಗ್ಗಿದ್ದು ಈ ಲೆಕ್ಕದಲ್ಲಿ ಬಂದಿಲ್ಲ, ಇದು ಸರಳ ಮಾಡಿದ ಲೆಕ್ಕ. ಆದರೂ ಅವರಿಗೆ ಅರ್ಥವಾಯಿತು. ಒಂದು ಅಕ್ಕಿಕಾಳಿನಷ್ಟೂ ಇಲ್ಲದ ಅಂತರಕ್ಕೆ ಮಗಳ ಬೆರಳು ಬಾಗಿತ್ತು.

ಬೆರಳಿನ ಲೆಕ್ಕವನ್ನು ಹೀಗೆ ಸನ್ನೆ ಮತ್ತು ಸರಿತದ ಭಾಷೆಯಲ್ಲಿ ಹೇಳಿಕೊಟ್ಟವರಲ್ಲಿ ಪಾಲ್ ಬ್ರ್ಯಾಂಡ್ ದೊಡ್ಡ ಹೆಸರು. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ ಹುಟ್ಟಿದ ಆ ಇಂಗ್ಲಿಷ್ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿಗೆ ಬಂದು, ಮುಂದೆ ಅಲ್ಲಿ ಕುಷ್ಠರೋಗಿಗಳ ಕೈಗಳ ಮೇಲೆ ಕೆಲಸ ಮಾಡಿದರು. ಬಾಗಿ ಬಿಗಿದುಹೋದ ಬೆರಳುಗಳಿಗೆ ಪ್ಲಾಸ್ಟರಿನ ಸಣ್ಣ ಕೊಳವೆ ಹಾಕಿ, ಕೆಲವು ದಿನಕ್ಕೊಮ್ಮೆ ಬದಲಿಸುತ್ತ, ಪ್ರತಿ ಸಲವೂ ಸ್ವಲ್ಪ ಹೆಚ್ಚು ನೆಟ್ಟಗೆ ಮಾಡುವ ಕ್ರಮವನ್ನು ಅವರು ನೆಚ್ಚಿದ್ದರು. ಕುಗ್ಗಿದ ನಾರನ್ನು ಬಲದಿಂದ ಎಳೆದರೆ ಅದು ಹರಿದು, ಊದಿ, ಮತ್ತಷ್ಟು ಕುಗ್ಗುತ್ತದೆ. ಹಿತವಾದ ಬಿಗಿಯಲ್ಲಿ ಹಿಡಿದಿಟ್ಟರೆ ಅದು ಉದ್ದಕ್ಕೆ ಬೆಳೆಯುತ್ತದೆ. ಊರಿನಲ್ಲಿ ನೀವಿ ಎಳೆದಾಗ ಊತ ಹೆಚ್ಚಿದ್ದೇಕೆ ಎಂಬುದೂ ಇದರಲ್ಲೇ ಇದೆ.

ಅದೇ ಕ್ರಮವನ್ನು ನಾನೂ ಹಿಡಿದೆ. ತೆಳು ಪ್ಲಾಸ್ಟರ್ ಪಟ್ಟಿಯನ್ನು ಒದ್ದೆಮಾಡಿ ಸುತ್ತಿ, ಅದು ಗಟ್ಟಿಯಾಗುವವರೆಗೆ ಬೆರಳನ್ನು ನೋವಿಲ್ಲದಷ್ಟೇ ನೆಟ್ಟಗೆ ಹಿಡಿದುಕೊಂಡು ಕೂತಿದ್ದೆ. ತುದಿಗೀಲನ್ನು ಹೊರಗೆ ಬಿಟ್ಟೆ. ಮೂರು ದಿನಕ್ಕೊಮ್ಮೆ ಬದಲಾವಣೆ. 20 ಇದ್ದ ಕೊರತೆ 12ಕ್ಕೆ ಬಂತು, 5ಕ್ಕೆ ಬಂತು, ಹತ್ತನೆಯ ದಿನ ಸೊನ್ನೆ. ನಂತರ ನಡುಗೀಲನ್ನು ಮಾತ್ರ ನೆಟ್ಟಗೆ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ, ಹಗಲೂ ರಾತ್ರಿಯೂ ಆರು ವಾರ. ಬುಡದ ಕೀಲಿಗೂ ತುದಿಗೀಲಿಗೂ ಬಿಡುವು.

ತುದಿಗೀಲಿಗೆ ಬಿಡುವಲ್ಲ, ಕೆಲಸ. ಗಂಟೆಗೆ ಹತ್ತು ಸಲ ಉಗುರಿನ ಭಾಗವನ್ನು ಮಡಚಬೇಕು. ನಡುಗೀಲು ನೆಟ್ಟಗಿದ್ದಾಗ ತುದಿಯನ್ನು ಮಡಚಿದರೆ ಪಕ್ಕದ ಪಟ್ಟಿಗಳು ಮುಂದಕ್ಕೂ ಮೇಲಕ್ಕೂ ಸರಿಯುತ್ತವೆ, ಅಂದರೆ ತಮ್ಮ ಹಳೆಯ ಜಾಗಕ್ಕೆ. ಅವುಗಳ ಜೊತೆ ಇಡೀ ಜಾಲ ಮುಂದಕ್ಕೆ ಬಂದು, ಹರಿದ ನಡು ಪಟ್ಟಿಯ ತುದಿಯನ್ನು ಮೂಳೆಯ ಹತ್ತಿರ ತರುತ್ತದೆ. ಇಷ್ಟು ಚಿಕ್ಕ ವ್ಯಾಯಾಮಕ್ಕೆ ಇಷ್ಟು ದೊಡ್ಡ ಫಲ ಕೊಡುವ ಜಾಗ ಕೈಯಲ್ಲಿ ಇನ್ನೊಂದನ್ನು ನಾನು ಕಂಡಿಲ್ಲ.

“ಹಾಗಾದರೆ ಕೈಗೆ ಏನಾದರೂ ಬೆರಳನ್ನೆಲ್ಲ ನೆಟ್ಟಗೆ ಕಟ್ಟಬೇಕು ಅನ್ನಿ” ಎಂದರು ತಂದೆ. ಇಲ್ಲ. ಬುಡದ ಕೀಲಿನ ಗುಣವೇ ಬೇರೆ. ಬೆರಳು ಚಾಚಿ ಪಕ್ಕಕ್ಕೆ ಆಡಿಸಿ ನೋಡಿ, ಆಡುತ್ತದೆ. ಮುಷ್ಟಿ ಕಟ್ಟಿ ಆಡಿಸಿ, ಆಡುವುದಿಲ್ಲ. ಅಲ್ಲಿನ ಮೂಳೆಯ ತಲೆ ಪೂರ್ತಿ ಗುಂಡಗಿಲ್ಲ, ಮಡಚಿದಾಗ ಪಕ್ಕದ ಕಟ್ಟುನಾರುಗಳು ಬಿಗಿಯುತ್ತವೆ, ನೀಡಿದಾಗ ಸಡಿಲಾಗುತ್ತವೆ. ಸಡಿಲವಾಗಿದ್ದಾಗ ವಾರಗಟ್ಟಲೆ ಕಟ್ಟಿಟ್ಟರೆ ಹಾಗೆಯೇ ಕುಗ್ಗಿ, ಮುಷ್ಟಿ ಕಟ್ಟಲು ಬಾರದಂತಾಗುತ್ತದೆ. ಆದ್ದರಿಂದ ಇಡೀ ಕೈಗೆ ಪ್ಲಾಸ್ಟರ್ ಹಾಕಬೇಕಾದಾಗ ಬುಡದ ಕೀಲು ಮಡಚಿರಬೇಕು, ಮುಂದಿನ ಎರಡು ನೆಟ್ಟಗಿರಬೇಕು.

ಪ್ಲಾಸ್ಟಿಕ್ ಪಟ್ಟಿ ಕಟ್ಟಿದ ಹದಿನೇಳನೆಯ ದಿನ ಅವಳು ಕರೆಯದೆಯೇ ಬಂದಳು. ಚಿಕ್ಕಪ್ಪನ ಮಗಳ ಮದುವೆ, ಕೈಗೆ ಮೆಹೆಂದಿ ಹಾಕಿಸಿಕೊಳ್ಳಲು ಪಟ್ಟಿ ಬಿಚ್ಚಿದ್ದಳು. ಬಿಚ್ಚಿದ್ದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. “ಇಷ್ಟು ದಿನ ನೆಟ್ಟಗಿಟ್ಟು ಇನ್ನು ಮಡಚಲೇ ಬರುವುದಿಲ್ಲವೇನೋ ಎಂದು ಭಯವಾಯಿತು. ಮಡಚಿ ನೋಡಿದೆ” ಎಂದಳು. ಅಳು ಬರುವಂತಿತ್ತು. ಅಳೆದೆ: 15 ಡಿಗ್ರಿ ಕೊರತೆ ಮತ್ತೆ ಬಂದಿತ್ತು. ಅವಳೇ ಲೆಕ್ಕ ಹಾಕಿದಳು, 1.3 ಮಿಲಿಮೀಟರ್.

ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಮಡಚಬೇಡ ಎಂದು ಹತ್ತು ಸಲ ಹೇಳಿದ್ದೆ. ಮಡಚುವುದು ತಾನಾಗಿ ಮರಳುತ್ತದೆ, ನೀಡುವುದು ಹಾಗೆ ಮರಳುವುದಿಲ್ಲ, ಎರಡರಲ್ಲಿ ಕಾಯಬೇಕಾದದ್ದು ನೀಡುವುದನ್ನು ಎಂದು ಒಮ್ಮೆಯೂ ಬಿಡಿಸಿ ಹೇಳಿರಲಿಲ್ಲ. ಬೆರಳನ್ನು ಮಡಚುವ ಸ್ನಾಯುಗಳು ನೀಡುವ ಸ್ನಾಯುಗಳಿಗಿಂತ ಬಹಳ ಬಲಶಾಲಿ, ಸಮಯ ಸಿಕ್ಕರೆ ಅವು ತಮ್ಮ ಪಾಲನ್ನು ಪಡೆದುಕೊಳ್ಳುತ್ತವೆ. ಅಂದು ಇದನ್ನು ಹೇಳಿ, ಆರು ವಾರದ ಎಣಿಕೆಯನ್ನು ಮತ್ತೆ ಒಂದನೆಯ ದಿನದಿಂದ ಶುರುಮಾಡಿದೆವು. ಸ್ನಾನದ ಹೊತ್ತಿಗೆ ಪಟ್ಟಿ ಬಿಚ್ಚಬೇಕಾದರೆ ಬೆರಳನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟೇ ಬಿಚ್ಚುವುದನ್ನು ತಾಯಿಗೂ ಕಲಿಸಿದೆ.

ಎರಡನೆಯ ಸಲ ಒಂದು ದಿನವೂ ತಪ್ಪಲಿಲ್ಲ. ಆರು ವಾರದ ಮೇಲೆ ಮಡಚಲು ಬಿಟ್ಟೆ. ಮೊದಲ ವಾರ 30 ಡಿಗ್ರಿ ಮಾತ್ರ, ಅದಕ್ಕಿಂತ ಹೆಚ್ಚು ಮಡಚದಂತೆ ಪ್ಲಾಸ್ಟಿಕ್ಕಿನ ಒಂದು ಅಚ್ಚು ಮಾಡಿಕೊಟ್ಟಿದ್ದೆ. ನೀಡುವುದರಲ್ಲಿ ಕೊರತೆ ಕಾಣದಿದ್ದರೆ ವಾರಕ್ಕೆ ಹದಿನೈದರಂತೆ ಮುಂದೆ. ರಾತ್ರಿ ಮಾತ್ರ ಪಟ್ಟಿ ಉಳಿಯಿತು.

ಪೆಟ್ಟು ಬಿದ್ದು ಐದು ತಿಂಗಳಾದಾಗ ನಡುಗೀಲು ನೀಡಲು 8 ಡಿಗ್ರಿ ಕೊರತೆ, ಮಡಚಲು 95. ತುದಿಗೀಲು ಹಿಂದಕ್ಕೆ ಹೋಗುವುದಿಲ್ಲ, 55 ಮಡಚುತ್ತದೆ. ಗಿಣ್ಣಿನ ಸುತ್ತಳತೆ ಬಲಗೈಗಿಂತ 4 ಮಿಲಿಮೀಟರ್ ಹೆಚ್ಚು. ಇದು ಇಳಿಯುತ್ತದೆಯೇ ಎಂದು ಕೇಳಿದಳು. ವರ್ಷದವರೆಗೆ ಸ್ವಲ್ಪ ಇಳಿಯಬಹುದು, ಪೂರ್ತಿ ಇಳಿಯುವುದಿಲ್ಲ ಎಂದೆ. ಮುಖ ತೊಳೆಯುವಾಗ ಈಗ ಚುಚ್ಚುವುದಿಲ್ಲ. ಮೂಲೆಯ ಜಾಗಕ್ಕೆ ಮರಳಿದ್ದಾಳೆ, ಬೆರಳಿಗೆ ಟೇಪ್ ಸುತ್ತಿಕೊಂಡು.

ಅದಾಗಿ ಎರಡು ತಿಂಗಳಿಗೆ ಅದೇ ತಂಡದ ಇನ್ನೊಬ್ಬಳು ಬಂದಳು. ಹಿಂದಿನ ದಿನದ ಪೆಟ್ಟು, ಉಂಗುರದ ಬೆರಳು, ನಡುಗಿಣ್ಣಿನ ಮೇಲೆ ಊತ. “ಮೈದಾನದ ಬೆಂಚಿನ ಅಂಚಿನಲ್ಲೇ, ನಿಮ್ಮ ಹತ್ತಿರ ಬರುತ್ತಿದ್ದಳಲ್ಲ, ಅವಳು ನನ್ನ ಬೆರಳು ಇಟ್ಟು ನೋಡಿದಳು, ತುದಿ ಸಡಿಲವಾಗಿಯೇ ಇದೆ ಎಂದಳು, ಆದರೂ ನಿಮಗೆ ತೋರಿಸಿ ಬಾ ಎಂದು ಕಳುಹಿಸಿದಳು” ಎಂದಳು. ನಾನೂ ಮೇಜಿನ ಅಂಚಿನಲ್ಲಿಟ್ಟು ನೋಡಿದೆ. ತುದಿ ಸಡಿಲವಾಗಿಯೇ ಇತ್ತು. ಒಂದು ಬದಿಯ ಕಟ್ಟುನಾರಿನ ಮೇಲೆ ಒತ್ತಿದಾಗ ಮಾತ್ರ ನೋವು. ಅವಳದು ಬರೀ ಉಳುಕು. ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿ ಕಳುಹಿಸಿದೆ.